ವೈನರಿಯ ಬಿಡುಗಡೆ ಭೋಜನ: ರುಚಿ ಪರೀಕ್ಷೆ ಮತ್ತು ಖರೀದಿಯ ವಿವೇಕ

ವೈನರಿಯೊಂದು ತನ್ನ ಸರಕನ್ನು ಪ್ರಥಮವಾಗಿ ಮಾರುಕಟ್ಟೆಗೆ ತರುವಾಗ ಔಪಚಾರಿಕ ಭೋಜನಕೂಟವನ್ನು ಏರ್ಪಡಿಸುವುದು ವಾಡಿಕೆಯಾಗಿದೆ. ಹೋಟೆಲು ಮಾಲೀಕರು, ಚಿಲ್ಲರೆ ಸನ್ನದುದಾರರು, ವಿತರಕರು, ಬಾಟಲಿ, ಕಾರ್ಕು, ರಟ್ಟಿನ ಪೆಟ್ಟಿಗೆ ಮೊದಲಾದವುಗಳ ಸಣ್ಣ ತಯಾರಕರು ಇಂತಹ ಕೂಟಗಳಿಗೆ ಆಹ್ವಾನಿತರಾಗಿರುತ್ತಾರೆ. ಮದ್ಯದ ನೇರ ಜಾಹೀರಾತನ್ನು ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿ, 1994 ನಿಷೇಧಿಸುವುದರಿಂದ, ಹೊಸ ಸರಕನ್ನು ಪರಿಚಯಿಸಲು ಭೋಜನದ ಮೇಜೇ ತಯಾರಕನಿಗೆ ಉಳಿದಿರುವ ಮುಖ್ಯ ವೇದಿಕೆಗಳಲ್ಲಿ ಒಂದು. ಆದುದರಿಂದ ಅಲ್ಲಿ ಲೋಟಕ್ಕೆ ಸುರಿಯುವ ವೈನು ಆತಿಥ್ಯವೂ ಹೌದು, ಸರಕಿನ ಮಾದರಿಯೂ ಹೌದು.

"ಉಂಡ ಮನೆಯ ಜಂತೆ ಎಣಿಸಬಾರದು" ಎಂಬುದು ಹಿರಿಯರ ಮಾತು. ಅತಿಥಿಗೆ ಇದು ಶೋಭೆ ತರುವ ಶೀಲ. ಆದರೆ ಖರೀದಿಗೆ ಬಂದ ವ್ಯಾಪಾರಿಯು ಜಂತೆ ಎಣಿಸದೆ ಹಿಂದಿರುಗಿದರೆ, ಅದರ ಬೆಲೆಯನ್ನು ಅವನ ದಾಸ್ತಾನು ತೆರಬೇಕಾಗುತ್ತದೆ. ಈ ಎರಡು ಪಾತ್ರಗಳನ್ನು ಬೇರ್ಪಡಿಸಿ ನಿರ್ವಹಿಸುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಭೋಜನದ ಹಿಂದಿರುವ ಬಂಡವಾಳ

ಆತಿಥೇಯನ ಸ್ಥಿತಿಯನ್ನು ಮೊದಲು ಅರಿಯುವುದು ಸೂಕ್ತ. ದ್ರಾಕ್ಷಿ ಬಳ್ಳಿಯು ನೆಟ್ಟ ಸುಮಾರು ಮೂರನೆಯ ವರ್ಷದಲ್ಲಷ್ಟೇ ವೈನಿಗೆ ಯೋಗ್ಯವಾದ ಫಸಲನ್ನು ನೀಡತೊಡಗುತ್ತದೆ. ಬಳಿಕ ಹುದುಗುವಿಕೆ, ತಿಳಿಗೊಳಿಸುವಿಕೆ, ಕೆಲವು ಕೆಂಪು ವೈನುಗಳಿಗೆ ಓಕ್ ಪೀಪಾಯಿಯ ವಾಸ, ಬಾಟಲಿಯಲ್ಲಿ ವಿಶ್ರಾಂತಿ ಎಂಬ ಹಂತಗಳಿವೆ. ಕರ್ನಾಟಕದ ಉದಾಹರಣೆಯನ್ನೇ ನೋಡಬಹುದು. ಕನ್ವಲ್ ಗ್ರೋವರ್ ಅವರ ಸಂಸ್ಥೆಯು ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಸ್ಥಾಪನೆಗೊಂಡಿತು. ಅದರ ಮೊದಲ ವೈನು ಮಾರುಕಟ್ಟೆಗೆ ಬಂದುದು 1992ರಲ್ಲಿ. ರಾಜ್ಯವು 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಮೂಲಕ ಈ ಉದ್ಯಮಕ್ಕೆ ಉತ್ತೇಜನ ನೀಡಿದ ಮೇಲೂ ಬಳ್ಳಿಯ ಬೆಳವಣಿಗೆಯ ಕಾಲವೇನೂ ಕಡಿಮೆಯಾಗಿಲ್ಲ.

ಹೀಗೆ ವರ್ಷಗಟ್ಟಲೆ ಹಣವನ್ನು ಹೂಡಿ ಕಾದ ತಯಾರಕನಿಗೆ ಬಿಡುಗಡೆಯ ರಾತ್ರಿ ಮೊದಲ ಜಮೆಯ ನಿರೀಕ್ಷೆಯ ರಾತ್ರಿ. ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಮುಂದಿನ ಕೊಯ್ಲಿಗೆ ತೊಟ್ಟಿಗಳು ಖಾಲಿಯಾಗಬೇಕಾಗಿರುತ್ತದೆ. ಆದ್ದರಿಂದಲೇ ಅಂದು ರಾತ್ರಿಯೇ ಬೇಡಿಕೆ ಸಲ್ಲಿಸುವವರಿಗೆ ರಿಯಾಯಿತಿಯ ಪ್ರಸ್ತಾಪ ಬರುವುದುಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆತಿಥೇಯನ ಅವಸರವು ಅತಿಥಿಯ ಅವಸರವಾಗಬೇಕಾದ ಕಾರಣವಿಲ್ಲ.

2. ಬಡಿಸುವ ಕ್ರಮ ಮತ್ತು ಪ್ರಮಾಣ

ಸಾಮಾನ್ಯವಾಗಿ ನೊರೆಯುಕ್ತ ವೈನು ಮೊದಲು, ನಂತರ ಬಿಳಿ, ಗುಲಾಬಿ, ಹಗುರ ಕೆಂಪು, ಗಾಢ ಕೆಂಪು ಮತ್ತು ಕೊನೆಗೆ ಸಿಹಿ ವೈನು ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಹಗುರವಾದುದು ಗಾಢವಾದುದಕ್ಕಿಂತ ಮುಂದೆ, ಒಣ ವೈನು ಸಿಹಿ ವೈನಿಗಿಂತ ಮುಂದೆ ಎಂಬುದು ಇದರ ತತ್ತ್ವ. ಈ ಕ್ರಮವು ತಪ್ಪಿದರೆ ನಂತರ ಬಂದ ಉತ್ತಮ ವೈನೂ ಸಪ್ಪೆಯಾಗಿ ಅಥವಾ ಹುಳಿಯಾಗಿ ತೋರುತ್ತದೆ.

ಉಷ್ಣತೆಯೂ ಅಷ್ಟೇ ಮುಖ್ಯ. ನೊರೆಯುಕ್ತ ವೈನಿಗೆ 6ರಿಂದ 10, ಬಿಳಿ ವೈನಿಗೆ 8ರಿಂದ 12, ಗಾಢ ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸೂಕ್ತವೆಂದು ಪರಿಗಣಿಸಲಾಗಿದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ನೀಡಬೇಕೆಂಬ ಯೂರೋಪಿನ ಸೂತ್ರವು ಅಲ್ಲಿನ ತಣ್ಣನೆಯ ಮನೆಗಳಿಗೆ ಅನ್ವಯಿಸುವಂತಹದು. ನಮ್ಮ ಊರುಗಳ ಸಭಾಂಗಣಕ್ಕೆ ಅಲ್ಲ. ಅತಿಯಾದ ತಂಪು ಪರಿಮಳವನ್ನೂ, ಅದರೊಡನೆ ಅನೇಕ ದೋಷಗಳನ್ನೂ ಅಡಗಿಸುತ್ತದೆ. ಆದುದರಿಂದ ಬಿಳಿ ವೈನು ಮಂಜಿನಂತೆ ತಣ್ಣಗಿದ್ದರೆ, ಲೋಟವನ್ನು ಅಂಗೈಯಲ್ಲಿ ಹಿಡಿದು ಕೆಲವು ನಿಮಿಷ ಕಾದು ಪರೀಕ್ಷಿಸುವುದು ಒಳಿತು.

ಪ್ರಮಾಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅತಿಥಿಗಳು 60 ಮಂದಿ, ವೈನುಗಳು 5 ಬಗೆ, ಪ್ರತಿ ಬಗೆಯೂ ತಲಾ 75 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಬಗೆಗೆ 4,500 ಮಿಲಿಲೀಟರ್, ಅಂದರೆ 750 ಮಿಲಿಲೀಟರಿನ 6 ಬಾಟಲಿಗಳು. ಐದು ಬಗೆಗೆ 30 ಬಾಟಲಿಗಳು. ಕೆಟ್ಟ ಬಾಟಲಿಗೆ ಬದಲಿಯಾಗಿ ಬಗೆಗೊಂದರಂತೆ ಸೇರಿಸಿದರೆ ಒಟ್ಟು 35.

ಇದನ್ನೇ ಅತಿಥಿಯ ಕಡೆಯಿಂದ ಎಣಿಸಿದರೆ, ತಲಾ 375 ಮಿಲಿಲೀಟರ್, ಅಂದರೆ ಅರ್ಧ ಬಾಟಲಿ. ಶೇ. 13ರ ಮದ್ಯಸಾರವಿದ್ದಲ್ಲಿ ಶುದ್ಧ ಮದ್ಯಸಾರ ಸುಮಾರು 49 ಮಿಲಿಲೀಟರ್, ತೂಕದಲ್ಲಿ ಸುಮಾರು 38 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ಬಳಸುವ 10 ಗ್ರಾಮಿನ ಅಳತೆಯಲ್ಲಿ ಇದು ಹತ್ತಿರ ಹತ್ತಿರ ನಾಲ್ಕು ಪಾನಗಳಿಗೆ ಸಮ. ಇಷ್ಟನ್ನು ಕುಡಿದವನ ಸಹಿ ಬೇಡಿಕೆ ಪತ್ರದ ಮೇಲೆ ಬೀಳುವುದು ಎಷ್ಟು ಸಮಂಜಸವೆಂದು ವಿವರಿಸಬೇಕಾಗಿಲ್ಲ. ವೃತ್ತಿಪರ ಪರೀಕ್ಷಕರು ವೈನನ್ನು ನುಂಗದೆ ಉಗುಳುತ್ತಾರೆ. ಅದಕ್ಕೆಂದು ಪಾತ್ರೆಯನ್ನು ಕೇಳಿ ಪಡೆಯುವುದು ಅಸಭ್ಯತೆಯಲ್ಲ. ಚಹಾ ಹರಾಜಿನ ಪರೀಕ್ಷಕರೂ ಮಾಡುವುದು ಇದನ್ನೇ. ಮೋಟಾರು ವಾಹನ ಕಾಯಿದೆಯ 185ನೇ ಪ್ರಕರಣದಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರವಿದ್ದು ವಾಹನ ನಡೆಸುವುದು ಅಪರಾಧವಾದ್ದರಿಂದ, ಮರಳುವ ವಾಹನದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳತಕ್ಕದ್ದು.

3. ಪರೀಕ್ಷೆಯ ನಾಲ್ಕು ಹಂತಗಳು

ನೋಟ: ಲೋಟವನ್ನು ಬಿಳಿಯ ಮೇಜುವಸ್ತ್ರದ ಮೇಲೆ ಓರೆಯಾಗಿ ಹಿಡಿದು ಬಣ್ಣ ಮತ್ತು ತಿಳಿಯನ್ನು ಗಮನಿಸಬೇಕು. ಬಿಳಿ ವೈನು ವಯಸ್ಸಾದಂತೆ ಗಾಢವಾಗುತ್ತದೆ. ಕೆಂಪು ವೈನು ವಯಸ್ಸಾದಂತೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹೊಸ ಕೊಯ್ಲಿನ ವೈನು ಈಗಾಗಲೇ ಕಂದುಬಣ್ಣ ತಾಳಿದ್ದರೆ ಎಚ್ಚರ ವಹಿಸಬೇಕು.

ಘ್ರಾಣ: ಮೊದಲು ಅಲುಗಿಸದೆ, ಬಳಿಕ ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಸಬೇಕು. ಹಣ್ಣು, ಹೂವು, ಸಂಬಾರ ಯಾವುದನ್ನು ನೆನಪಿಸಿದರೂ ಸರಿಯೇ. ನೇರಳೆ, ಸೀಬೆ, ಲವಂಗ ಎಂದು ತನಗೆ ಪರಿಚಿತವಾದ ಹೆಸರಿನಲ್ಲೇ ಬರೆದಿಟ್ಟುಕೊಳ್ಳಬೇಕು. ಪರಭಾಷೆಯ ಪದಾಡಂಬರ ಇಲ್ಲಿ ಅನವಶ್ಯಕ. ಈ ಹಂತಕ್ಕಾಗಿಯೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1977ರಲ್ಲಿ ಐಎಸ್‌ಒ 3591 ಎಂಬ ಪರೀಕ್ಷಾ ಲೋಟದ ಮಾನಕವನ್ನು ನಿಗದಿಪಡಿಸಿತು. ಸುಮಾರು 215 ಮಿಲಿಲೀಟರ್ ಹಿಡಿಯುವ ಈ ಲೋಟದಲ್ಲಿ 50 ಮಿಲಿಲೀಟರ್ ಮಾತ್ರ ಸುರಿಯಲಾಗುತ್ತದೆ. ಉಳಿದ ಖಾಲಿ ಜಾಗ ಪರಿಮಳಕ್ಕೆ ಮೀಸಲು.

ರುಚಿ: ಒಂದು ಗುಟುಕನ್ನು ಬಾಯಿಯಲ್ಲೆಲ್ಲ ಆಡಿಸಿ ಸಿಹಿ, ಹುಳಿ, ಒಗರು, ಮದ್ಯಸಾರದ ಕಾವು ಇವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಹುಳಿಯಿಂದ ಬಾಯಿಯಲ್ಲಿ ನೀರೂರುತ್ತದೆ. ಕೆಂಪು ವೈನಿನ ಟ್ಯಾನಿನ್ ಅಂಶದಿಂದ ಎಳೆಯ ಅಡಿಕೆ ಅಗಿದಂತೆ ವಸಡು ಒಣಗುತ್ತದೆ.

ನಿರ್ಣಯ: ಉಗುಳಿದ ಅಥವಾ ನುಂಗಿದ ನಂತರ ರುಚಿ ಎಷ್ಟು ಹೊತ್ತು ಉಳಿಯಿತು, ಯಾವುದೊಂದು ಅಂಶವೂ ಮಿಕ್ಕವನ್ನು ಮೀರಿ ನಿಂತಿತೇ ಎಂಬುದನ್ನು ನೋಡಿ ತೀರ್ಮಾನವನ್ನು ಬರೆಯಬೇಕು. "ನನಗೆ ಇಷ್ಟವಾಯಿತು" ಎಂಬುದು ಒಂದು ಅಂಕಣ. "ನನ್ನ ಗಿರಾಕಿಗೆ ಈ ಬೆಲೆಯಲ್ಲಿ ಇಷ್ಟವಾದೀತು" ಎಂಬುದು ಇನ್ನೊಂದು ಅಂಕಣ. ವ್ಯಾಪಾರಿಯು ಖರೀದಿ ಮಾಡತಕ್ಕದ್ದು ಎರಡನೆಯ ಅಂಕಣವನ್ನು ಆಧರಿಸಿ.

4. ಗುರುತಿಸಬೇಕಾದ ದೋಷಗಳು

(ಅ) ಒದ್ದೆ ರಟ್ಟಿನ ಅಥವಾ ಮುಗ್ಗಲು ವಾಸನೆ: ಇದು ಬಹುಮಟ್ಟಿಗೆ ಕಾರ್ಕಿನ ಮೂಲಕ ಬರುವ ಟಿಸಿಎ ಎಂಬ ರಾಸಾಯನಿಕದ ದೋಷ. ಒಂದು ಬಾಟಲಿಯಲ್ಲಿದ್ದು ಪಕ್ಕದ ಬಾಟಲಿಯಲ್ಲಿ ಇಲ್ಲದಿರಬಹುದು.

(ಆ) ವಿನೆಗರ್ ಅಥವಾ ಉಗುರುಬಣ್ಣ ಅಳಿಸುವ ದ್ರವದ ವಾಸನೆ: ಬ್ಯಾಕ್ಟೀರಿಯಾದ ಹಾವಳಿಯ ಸೂಚನೆ. ತೊಟ್ಟಿಯಲ್ಲೇ ಹುಟ್ಟಿದ ದೋಷವಾದಲ್ಲಿ ಇಡೀ ಬ್ಯಾಚಿಗೇ ಅಂಟಿರುತ್ತದೆ.

(ಇ) ಕೊಳೆತ ಮೊಟ್ಟೆಯ ವಾಸನೆ: ಹೈಡ್ರೋಜನ್ ಸಲ್ಫೈಡಿನದು. ಗಾಳಿ ತಾಗಿದಾಗ ಕೆಲವೊಮ್ಮೆ ಹೋಗುತ್ತದೆ.

(ಈ) ಕತ್ತರಿಸಿಟ್ಟ ಸೇಬಿನಂತೆ ಕಂದಿದ ಬಣ್ಣ, ಮಂಕಾದ ಪರಿಮಳ: ಆಮ್ಲಜನಕದ ಅತಿಸಂಪರ್ಕ.

(ಉ) ಬೇಯಿಸಿದ ಹಣ್ಣಿನ ರುಚಿ, ಮೇಲೆ ದೂಡಿಕೊಂಡ ಕಾರ್ಕು: ಸಾಗಾಣಿಕೆ ಅಥವಾ ಗೋದಾಮಿನ ಸೆಕೆಯ ಫಲ.

ಬಾಟಲಿಯ ತಳದಲ್ಲಿ ಸಕ್ಕರೆಯಂತೆ ಕಾಣುವ ಹರಳುಗಳಿದ್ದರೆ ಅವು ಬಹುಮಟ್ಟಿಗೆ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣಗಳು, ದೋಷವಲ್ಲ. ಗಿರಾಕಿಯ ದೂರಿಗೆ ಉತ್ತರಿಸಲು ಅಂಗಡಿಯ ಸಿಬ್ಬಂದಿಗೆ ಈ ಒಂದು ವಿಷಯವನ್ನು ತಿಳಿಸಿದ್ದರೂ ಸಾಕಷ್ಟು ಬಾಟಲಿಗಳು ಹಿಂದಿರುಗುವುದು ತಪ್ಪುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಆದರೆ ವೈನಿನಲ್ಲಿ ಪ್ರತಿ ಬಾಟಲಿಯೂ ತನ್ನದೇ ಮುಚ್ಚಳವುಳ್ಳ ಪ್ರತ್ಯೇಕ ಪಾತ್ರೆ. ಆದುದರಿಂದ ಒಂದು ಲೋಟದ ರುಚಿ ಬ್ಯಾಚಿನ ಸಾಮಾನ್ಯ ಗುಣವನ್ನು ತಿಳಿಸೀತೇ ಹೊರತು ಎಲ್ಲ ಬಾಟಲಿಗಳಿಗೂ ಜಾಮೀನು ನಿಲ್ಲಲಾರದು.

5. ಊಟವೆಂಬ ಮರೆ

ಆಂಗ್ಲ ವೈನ್ ವರ್ತಕರಲ್ಲಿ ಒಂದು ಹಳೆಯ ಮಾತಿದೆ: ಸೇಬನ್ನು ತಿನ್ನುತ್ತ ಕೊಳ್ಳು, ಚೀಸನ್ನು ತಿನ್ನಿಸುತ್ತ ಮಾರು. ಸೇಬಿನ ಹುಳಿ ಮತ್ತು ಸಿಹಿಗಳು ವೈನಿನ ಕೊರತೆಯನ್ನು ಎತ್ತಿ ತೋರಿಸುತ್ತವೆ. ಚೀಸಿನ ಕೊಬ್ಬು, ಪ್ರೋಟೀನು ಮತ್ತು ಉಪ್ಪು ಒಗರನ್ನು ಮೆದುಗೊಳಿಸಿ ಒರಟು ವೈನನ್ನೂ ನಯವಾಗಿಸುತ್ತವೆ. ಬಿಡುಗಡೆ ಭೋಜನದ ಪಟ್ಟಿಯು ಈ ಎರಡನೆಯ ತತ್ತ್ವದ ಮೇಲೆ ರೂಪುಗೊಂಡಿರುತ್ತದೆ. ಪ್ರತಿ ವೈನಿಗೂ ಅದನ್ನು ಮೆರೆಸುವ ಖಾದ್ಯವನ್ನು ಬಾಣಸಿಗರು ಆಯ್ದಿರುತ್ತಾರೆ.

ಅತಿಥಿಯ ಗಿರಾಕಿಯಾದರೋ ಅದೇ ವೈನನ್ನು ಮೆಣಸಿನ ಖಾರದ ಸಾರಿನೊಡನೆಯೋ ಬಿರಿಯಾನಿಯೊಡನೆಯೋ ಕುಡಿಯಬಹುದು. ಮದ್ಯಸಾರವು ಖಾರದ ಉರಿಯನ್ನು ಹೆಚ್ಚಿಸುತ್ತದೆ. ಖಾರವು ಒಗರನ್ನು ಮತ್ತಷ್ಟು ಕಟುವಾಗಿಸುತ್ತದೆ. ಸಿಹಿತಿಂಡಿಯ ನಂತರ ಕುಡಿದ ಒಣ ವೈನು ಹುಳಿಯೆನಿಸುತ್ತದೆ. ಆದುದರಿಂದ ಪ್ರತಿ ವೈನನ್ನೂ ಖಾದ್ಯ ಬರುವ ಮೊದಲು ಬರಿಬಾಯಲ್ಲಿ ಒಮ್ಮೆ, ಖಾದ್ಯದೊಡನೆ ಇನ್ನೊಮ್ಮೆ ಪರೀಕ್ಷಿಸಿ ಎರಡು ಟಿಪ್ಪಣಿಗಳನ್ನು ಬರೆಯಬೇಕು. ಎರಡರ ಅಂತರವೇ ಊಟದ ಕೊಡುಗೆ.

ಹೆಸರಿನ ಪ್ರಭಾವವೂ ಕಡಿಮೆಯದಲ್ಲ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕನು ಲೇಬಲ್ ಮರೆಮಾಡಿದ ವೈನುಗಳನ್ನು ಫ್ರಾನ್ಸಿನ ನುರಿತ ಪರೀಕ್ಷಕರ ಮುಂದಿಟ್ಟನು. ಕೆಂಪು ವೈನುಗಳಲ್ಲಿ ಸ್ಟ್ಯಾಗ್ಸ್ ಲೀಪ್, ಬಿಳಿ ವೈನುಗಳಲ್ಲಿ ಶಾತೋ ಮಾಂಟೆಲೀನಾ, ಹೀಗೆ ಕ್ಯಾಲಿಫೋರ್ನಿಯಾದ 1973ನೇ ಕೊಯ್ಲಿನ ವೈನುಗಳೇ ಎರಡೂ ವರ್ಗಗಳಲ್ಲಿ ಪ್ರಥಮ ಸ್ಥಾನ ಪಡೆದವು. ಲೇಬಲ್ ಕಾಣುವಂತಿದ್ದರೆ ಅದೇ ಫಲಿತಾಂಶ ಬರುತ್ತಿತ್ತೆಂದು ನಂಬುವುದು ಕಷ್ಟ. ಭೋಜನಕೂಟದಲ್ಲಿ ಲೇಬಲ್ಲು, ಸಂಗೀತ, ಭಾಷಣ, ಮಾಲೀಕರ ಆತ್ಮೀಯತೆ ಎಲ್ಲವೂ ಎದುರಿಗಿರುತ್ತವೆ. ಆದುದರಿಂದ ಭೋಜನದ ಟಿಪ್ಪಣಿಯನ್ನು ಅಂತಿಮ ತೀರ್ಪೆಂದು ಭಾವಿಸದೆ, ಬ್ಯಾಚಿನ ಎರಡು ಬಾಟಲಿಗಳನ್ನು ಕ್ರಮಬದ್ಧವಾಗಿ ಕೊಂಡು, ಅದೇ ಬೆಲೆಯ ಬೇರೆ ಎರಡು ವೈನುಗಳೊಡನೆ ಲೇಬಲ್ ಮುಚ್ಚಿ ಅಂಗಡಿಯಲ್ಲೇ ಮರುಪರೀಕ್ಷೆ ನಡೆಸುವುದು ಸರಿಯಾದ ಕ್ರಮ.

6. ಕಾನೂನಿನಲ್ಲಿ ಆ ಲೋಟದ ಸ್ಥಾನ

ಸರಕು ಮಾರಾಟ ಕಾಯಿದೆ, 1930ರ ಕೆಲವು ಪ್ರಕರಣಗಳು ಇಲ್ಲಿ ಪ್ರಸ್ತುತವಾಗುತ್ತವೆ.

ಮಾದರಿಯ ಮೇಲಿನ ಮಾರಾಟದಲ್ಲಿ ಸರಕಿನ ರಾಶಿಯು ಗುಣದಲ್ಲಿ ಮಾದರಿಗೆ ಹೊಂದಬೇಕೆಂದು 17ನೇ ಪ್ರಕರಣ ವಿಧಿಸುತ್ತದೆ. ಆದರೆ ಮಾದರಿಯನ್ನು ತೋರಿಸಿದ ಮಾತ್ರಕ್ಕೆ ಅದು ಮಾದರಿಯ ಮೇಲಿನ ಮಾರಾಟವಾಗುವುದಿಲ್ಲ. ಕರಾರಿನಲ್ಲಿ ಸ್ಪಷ್ಟವಾಗಿಯೋ ಅಂತರ್ಗತವಾಗಿಯೋ ಹಾಗೆಂಬ ಷರತ್ತು ಇರಬೇಕು. ಭೋಜನದಲ್ಲಿ ಕುಡಿದ ವೈನು ವಿಶೇಷವಾಗಿ ಆರಿಸಿದ ಪೀಪಾಯಿಯದಾಗಿದ್ದು, ಅಂಗಡಿಗೆ ಬಂದುದು ಬೇರೆ ಬ್ಯಾಚಿನದಾದರೆ, ಬರಹದ ಆಧಾರವಿಲ್ಲದ ಖರೀದಿದಾರನ ವಾದ ದುರ್ಬಲವಾಗುತ್ತದೆ. ಆದುದರಿಂದ ಬೇಡಿಕೆ ಪತ್ರದಲ್ಲಿ ವೈನಿನ ಹೆಸರು, ಕೊಯ್ಲಿನ ವರ್ಷ, ಬ್ಯಾಚ್ ಸಂಖ್ಯೆ ಮತ್ತು "ಇಂತಹ ದಿನ ಪರೀಕ್ಷಿಸಿದ ಮಾದರಿಗೆ ಅನುಗುಣವಾಗಿ" ಎಂಬ ಮಾತು ಇರತಕ್ಕದ್ದು.

ಎರಡನೆಯದು ಇನ್ನೂ ಸೂಕ್ಷ್ಮವಾದ ಅಂಶ. ವಿವರಣೆಯ ಮೇಲೆ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಅಂತರ್ಗತ ಷರತ್ತನ್ನು 16ನೇ ಪ್ರಕರಣ ಒದಗಿಸುತ್ತದೆ. ಆದರೆ ಖರೀದಿದಾರನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಿಂದ ಗೋಚರವಾಗಬೇಕಾಗಿದ್ದ ದೋಷಗಳ ಮಟ್ಟಿಗೆ ಆ ರಕ್ಷಣೆ ಇಲ್ಲ. ಅಂದರೆ ವಿನೆಗರಿನ ವಾಸನೆಯುಳ್ಳ ವೈನನ್ನು ಕುಡಿದು, ಸಂಕೋಚದಿಂದ ತಲೆದೂಗಿ, ಬೇಡಿಕೆ ಸಲ್ಲಿಸಿದ ಅತಿಥಿಯ ಎದುರು "ತಾವೇ ಪರೀಕ್ಷಿಸಿದ್ದಿರಲ್ಲ" ಎಂಬ ಪ್ರತಿವಾದ ನಿಲ್ಲುತ್ತದೆ. ಭೋಜನದ ಸಂಕೋಚಕ್ಕೆ ಇಷ್ಟು ದುಬಾರಿಯಾದ ಬೆಲೆ ಇರಬಹುದು.

ಮೂರನೆಯದಾಗಿ, ಸರಕು ತಲಪಿದ ಮೇಲೆ ಅದನ್ನು ಪರೀಕ್ಷಿಸಲು ಯುಕ್ತ ಅವಕಾಶ ಪಡೆಯುವ ಹಕ್ಕು 41ನೇ ಪ್ರಕರಣದಲ್ಲಿದೆ. ತಿರಸ್ಕರಿಸುವುದಾಗಿ ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡರೆ ಅದು ಸ್ವೀಕಾರವೆಂದು 42ನೇ ಪ್ರಕರಣ ಹೇಳುತ್ತದೆ. ಆದ್ದರಿಂದ ಪೆಟ್ಟಿಗೆಗಳು ಬಂದ ವಾರದಲ್ಲೇ ಒಂದನ್ನು ತೆರೆದು ನೋಡಬೇಕು. ಸರಕು ಯಾವ ಮಾರ್ಗವಾಗಿ ಬರಬೇಕೆಂಬುದನ್ನು ಆಯಾ ರಾಜ್ಯದ ಅಬಕಾರಿ ನಿಯಮಗಳು ನಿರ್ಧರಿಸುತ್ತವೆ. ಮಧ್ಯದಲ್ಲಿ ಸಗಟು ಸಂಸ್ಥೆಯೊಂದಿದ್ದರೆ ಬಿಲ್ಲಿನ ಪ್ರಕಾರ ಮಾರಾಟಗಾರನು ಅದೇ ಆಗಿರುವುದರಿಂದ, ಬದಲಿ ಬಾಟಲಿಯ ಭರವಸೆಯನ್ನು ವೈನರಿಯಿಂದ ಪ್ರತ್ಯೇಕವಾಗಿ ಬರಹದಲ್ಲಿ ಪಡೆಯಬೇಕು.

7. ರಿಯಾಯಿತಿಯ ಲೆಕ್ಕ

ನಿಯಮಗಳು ಅನುಮತಿಸುವ ಕಡೆ, ಅಂದಿನ ಬೇಡಿಕೆಗೆ ಶೇ. 5ರ ರಿಯಾಯಿತಿ ದೊರೆಯುತ್ತದೆಂದು ಭಾವಿಸೋಣ. ಉದಾಹರಣೆಗೆ, 12 ಬಾಟಲಿಗಳ 20 ಪೆಟ್ಟಿಗೆ, ಬಾಟಲಿಗೆ 600 ರೂ.; ಒಟ್ಟು 1,44,000 ರೂ. ರಿಯಾಯಿತಿ 7,200 ರೂ. ಕಳೆದು ತೆರಬೇಕಾದುದು 1,36,800 ರೂ. ಈ ಸರಕು ಎಂಟು ತಿಂಗಳಲ್ಲಿ ಸಮನಾಗಿ ಮಾರಾಟವಾದರೆ ಹಣವು ಸರಾಸರಿ ನಾಲ್ಕು ತಿಂಗಳು ತೊಡಗಿರುತ್ತದೆ. ಶೇ. 12ರ ದರದಲ್ಲಿ ಬಡ್ಡಿ 5,472 ರೂ.

ಬದಲಾಗಿ, ಎರಡು ತಿಂಗಳಿಗೊಮ್ಮೆ 5 ಪೆಟ್ಟಿಗೆಯಂತೆ ಪೂರ್ಣ ಬೆಲೆಗೆ ಕೊಂಡರೆ ಪ್ರತಿ ಬಾರಿ 36,000 ರೂ. ಸರಾಸರಿ ಒಂದು ತಿಂಗಳು ತೊಡಗುತ್ತದೆ. ನಾಲ್ಕು ಬಾರಿಗೆ ಬಡ್ಡಿ 1,440 ರೂ. ಹೆಚ್ಚುವರಿ ಬಡ್ಡಿ 4,032 ರೂ. ಇದನ್ನು ರಿಯಾಯಿತಿಯಿಂದ ಕಳೆದರೆ ನಿಜವಾದ ಉಳಿತಾಯ 3,168 ರೂ. ಬಾಟಲಿಯ ನಿವ್ವಳ ಬೆಲೆ 570 ರೂ. ಆದುದರಿಂದ ಬೇಸಿಗೆಯ ಸೆಕೆಗೆ ಐದು ಬಾಟಲಿ ಕೆಟ್ಟರೆ 2,850 ರೂ. ಹೋಯಿತು, ಆರನೆಯದು ಕೆಟ್ಟರೆ 252 ರೂ. ನಷ್ಟ. 240 ಬಾಟಲಿಗಳಲ್ಲಿ ಆರು ಎಂದರೆ ನೂರಕ್ಕೆ ಎರಡೂವರೆ ಮಾತ್ರ. ಹವಾನಿಯಂತ್ರಿತ ಗೋದಾಮಿಲ್ಲದ ವ್ಯಾಪಾರಿಗೆ ಏಳು ಸಾವಿರದ ರಿಯಾಯಿತಿ ಎಷ್ಟು ತೆಳ್ಳಗಿನದೆಂಬುದು ಇದರಿಂದ ಸ್ಪಷ್ಟ.

8. ಆತಿಥೇಯನ ಲೆಕ್ಕಪುಸ್ತಕ

ಸ್ವತಃ ಇಂತಹ ಕೂಟವನ್ನು ಏರ್ಪಡಿಸುವ ತಯಾರಕರು ಗಮನಿಸಬೇಕಾದ ಅಂಶಗಳು ಹೀಗಿವೆ. ಅಬಕಾರಿ ಇಲಾಖೆಯ ಅನುಮತಿ ಮೊದಲ ಅಗತ್ಯ. ವ್ಯವಹಾರಕ್ಕಾಗಿಯೇ ಸಂಪೂರ್ಣವಾಗಿ ಮಾಡಿದ ವೆಚ್ಚವನ್ನು ಆದಾಯದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯಿದೆಯ 37(1)ನೇ ಪ್ರಕರಣ ಅವಕಾಶ ನೀಡುತ್ತದೆ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚಕ್ಕೆ ಆ ಅವಕಾಶವಿಲ್ಲ. 2025ರ ಹೊಸ ಕಾಯಿದೆಯಲ್ಲಿ ಪ್ರಕರಣಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವ ಉಳಿದಿದೆ. 2005ರ ಹಣಕಾಸು ಕಾಯಿದೆಯು ತಂದಿದ್ದ ಫ್ರಿಂಜ್ ಬೆನಿಫಿಟ್ ತೆರಿಗೆಯು ಆತಿಥ್ಯ ವೆಚ್ಚವನ್ನೂ ಒಳಗೊಂಡಿತ್ತು. ಅದು 2009ರಲ್ಲಿ ರದ್ದಾಯಿತು.

2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಪ್ರಕರಣದಂತೆ, ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷದಲ್ಲಿ 20,000 ರೂ. ಮೀರಿದ ಪ್ರಯೋಜನ ನೀಡಿದಲ್ಲಿ ಶೇ. 10ರ ತೆರಿಗೆಯನ್ನು ಮೂಲದಲ್ಲಿ ಕಡಿತಗೊಳಿಸುವ ಕ್ರಮ ಆರಂಭವಾಯಿತು. ಹೊಸ ಸರಕಿನ ಬಗ್ಗೆ ವಿತರಕರಿಗೆ ತಿಳಿವಳಿಕೆ ನೀಡುವುದೇ ಪ್ರಧಾನ ಉದ್ದೇಶವಾದ ಸಭೆಯ ವೆಚ್ಚವು ಇಂತಹ ಪ್ರಯೋಜನವಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2022ರ 12ನೇ ಸುತ್ತೋಲೆ ತಿಳಿಸಿತು. ಆದುದರಿಂದ ಆಹ್ವಾನಪತ್ರ, ಹಾಜರಾತಿ, ಪರೀಕ್ಷಿಸಿದ ವೈನುಗಳ ಪಟ್ಟಿ ಇವನ್ನು ಕಡತದಲ್ಲಿ ಇಡಬೇಕು. ಮನೆಗೆ ಕಳುಹಿಸುವ ಉಡುಗೊರೆಯ ಬಾಟಲಿಗಳ ಲೆಕ್ಕ ಮಾತ್ರ ಬೇರೆ.

ಮಾನವ ಸೇವನೆಯ ಮದ್ಯವು ಜಿಎಸ್‌ಟಿಯ ಹೊರಗಿದೆ. ಹೀಗಾಗಿ ವೈನಿಗಾಗಿ ಕೊಂಡ ಬಾಟಲಿ, ಕಾರ್ಕುಗಳ ಮೇಲೆ ತೆತ್ತ ತೆರಿಗೆಗೆ ವೈನರಿಗೆ ಜಮೆ ದೊರೆಯದು. ಭೋಜನ ಸೇವೆಯ ಮೇಲಿನ ತೆರಿಗೆಗೂ ದೊರೆಯದು. ಇವೆಲ್ಲವೂ ಬಿಡುಗಡೆಯ ವೆಚ್ಚದ ಅಂದಾಜಿನಲ್ಲಿ ಮೊದಲೇ ಸೇರಿರಬೇಕು. ಪರೀಕ್ಷೆಗೆ ತೆರೆದ 35 ಬಾಟಲಿಗಳನ್ನು ದಾಸ್ತಾನಿನಿಂದ ಹೊರತೆಗೆದ ದಾಖಲೆಯು ಅಬಕಾರಿ ವಹಿಯಲ್ಲೂ ಲೆಕ್ಕಪುಸ್ತಕದಲ್ಲೂ ಒಂದೇ ಸಂಖ್ಯೆಯನ್ನು ತೋರಿಸತಕ್ಕದ್ದು.

9. ಉಪಸಂಹಾರ

ಭೋಜನದ ಋಣವು ಕೃತಜ್ಞತಾ ಪತ್ರದಿಂದ ತೀರುತ್ತದೆ. ಬೇಡಿಕೆ ಪತ್ರದಿಂದ ತೀರಿಸಬೇಕಾದುದಲ್ಲ. ಮರುದಿನ ಮಾಲೀಕರಿಗೆ ವಂದನೆ ತಿಳಿಸಿ, ಇಷ್ಟವಾದುದನ್ನು ಇಷ್ಟವಾಯಿತೆಂದೂ, ದೋಷ ಕಂಡದ್ದನ್ನು ಬ್ಯಾಚ್ ಸಂಖ್ಯೆ ಸಹಿತವಾಗಿ ಖಾಸಗಿಯಾಗಿಯೂ ಬರೆದು ತಿಳಿಸುವುದು ಉತ್ತಮ ಪದ್ಧತಿ. ವರ್ಷಗಟ್ಟಲೆ ಬಳ್ಳಿಯನ್ನು ಪೋಷಿಸಿದ ತಯಾರಕನಿಗೆ ಮೇಜಿನ ಮೇಲಿನ ಹೊಗಳಿಕೆಗಿಂತ ಈ ಪತ್ರವೇ ಹೆಚ್ಚು ಉಪಯುಕ್ತ. ಮುಂದಿನ ಕೊಯ್ಲಿಗೆ ಮುನ್ನ ತೊಟ್ಟಿಯನ್ನು ಸರಿಪಡಿಸಲು ಅವನಿಗೆ ಕಾಲಾವಕಾಶ ದೊರೆಯುತ್ತದೆ. ವ್ಯಾಪಾರಿಗೆ ಮಾರಲಾಗದ ದಾಸ್ತಾನಿನ ಹೊರೆ ತಪ್ಪುತ್ತದೆ.